ಗಾಡಿಗೆ ಗೊತ್ತಾಗದಂತೆ

ದ್ರೌಪದಿಯ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮರೆಪ್ಪ ವಾಡಿ ಜಂಕ್ಷನ್ನಿನಲ್ಲಿ ದೀಪ ಹಚ್ಚುವ ನೌಕರ. ನಿಜಾಮರ ರೈಲು ಓಡುತ್ತಿದ್ದ ಕಾಲ ಅದು. ಹೊತ್ತು ಮುಳುಗುವ ಮೊದಲು ಹೆಗಲಿಗೆ ಎಣ್ಣೆ ಡಬ್ಬಿ ಏರಿಸಿಕೊಂಡು ಒಂದೊಂದೇ ಸಿಗ್ನಲ್ ಕಂಬ ಹತ್ತಿ ದೀಪ ಇಟ್ಟು ಬರುವುದು ಅವನ ಕೆಲಸ. ಅವನು ಹಚ್ಚಿದ ದೀಪ ಎಲ್ಲರಿಗೂ ನಡೆಯುತ್ತಿತ್ತು. ಅವನು ಮುಟ್ಟಿದ ಕೊಡ ಮಾತ್ರ ಸ್ಟೇಷನ್ನಿನಲ್ಲಿ ಯಾರಿಗೂ ನಡೆಯುತ್ತಿರಲಿಲ್ಲ. ಒಂದು ಮುಂಗಾರಿನಲ್ಲಿ ಗಾಳಿ ಹುಚ್ಚೆದ್ದು ದೀಪ ಆರಿ ಆರಿ ಹೋಗುತ್ತಿದ್ದಾಗ, ಮೇಲ್ ಗಾಡಿ ದಾಟುವತನಕ ಮರೆಪ್ಪ ಕಂಬದ ತುದಿಯಲ್ಲೇ ಕುಂತು, ಹೊದ್ದ ಕಂಬಳಿಯನ್ನು ದೀಪಕ್ಕೆ ಮರೆ ಹಿಡಿದಿದ್ದ. ಕೆಳಗಿಳಿದಾಗ ಅವನ ಬೆರಳು ಬಿಚ್ಚಲು ಇಬ್ಬರು ಬೇಕಾದರು. ಶಹಬ್ಬಾಸ್ ಎಂದವರು ಯಾರೂ ಇಲ್ಲ. ಗಾಡಿ ದಾಟಿತು, ಅಷ್ಟೆ.

ಮರೆಪ್ಪನ ಮಗ ದಶರಥ. ಎಣ್ಣೆ ದೀಪ ಹೋಗಿ ರೈಲಿನ ಡಬ್ಬಿಗಳಿಗೆ ಬಲ್ಬು ಬಂದಾಗ ಅವನಿಗೂ ಅದೇ ಜಂಕ್ಷನ್ನಿನಲ್ಲಿ ಕೆಲಸ ಸಿಕ್ಕಿತು. ಡಬ್ಬಿಯ ಹೊಟ್ಟೆಯ ಕೆಳಗೆ ತೂಗಾಡುವ ಪೆಟ್ಟಿಗೆಗಳಲ್ಲಿ ಬ್ಯಾಟರಿ ಇರುತ್ತವೆ. ಅವಕ್ಕೆ ನೀರು ಕುಡಿಸುವುದು, ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಕೂರಿಸುವುದು ಅವನ ಪಾಲಿಗೆ ಬಂತು. ಬೇರೆಯವರು ಬ್ಯಾಟರಿ ಬದಲಿಸುವಾಗ ಒಳಗಿನ ದೀಪವೆಲ್ಲ ಆರಿ ಹೆಂಗಸರು ಮಕ್ಕಳು ಕೂಗಿಕೊಳ್ಳುತ್ತಿದ್ದರು. ದಶರಥ ಹಾಗೆ ಮಾಡುತ್ತಿರಲಿಲ್ಲ. ಮೊದಲು ದಪ್ಪ ತಂತಿಯಿಂದ ಒಂದು ಒಳ್ಳೆಯ ಬ್ಯಾಟರಿಯನ್ನು ಪಕ್ಕದಿಂದ ಜೋಡಿಸಿ, ಭಾರವನ್ನೆಲ್ಲ ಅದರ ಮೇಲೆ ಹಾಕಿ, ಆಮೇಲೆ ಕೆಟ್ಟದ್ದನ್ನು ಬಿಚ್ಚುತ್ತಿದ್ದ. ಒಮ್ಮೆ ಒಬ್ಬ ತಾಯಿ ದೀಪದ ಕೆಳಗೆ ಕೂಸಿನ ಕಾಲಿನ ಮುಳ್ಳು ತೆಗೆಯುತ್ತಿದ್ದಳಂತೆ. ಕೆಳಗೆ ದಶರಥ ಇಡೀ ಪೆಟ್ಟಿಗೆ ಬದಲಿಸಿದ. ಮೇಲೆ ಅವಳ ಸೂಜಿ ಒಂದು ಕೂದಲಿನಷ್ಟೂ ಅಲುಗಲಿಲ್ಲ. 'ಒಳಗ ಕುಂತವರಿಗೆ ಗೊತ್ತಾಗಬಾರದು. ಗಾಡಿಗೂ ಗೊತ್ತಾಗಬಾರದು' ಎಂಬುದು ಅವನ ಬಾಯಲ್ಲಿ ಯಾವಾಗಲೂ ಇದ್ದ ಮಾತು. ತನ್ನ ಜೀವಮಾನದ ಗಳಿಕೆ ಎಂದು ಅವನು ತಿಳಿದದ್ದೂ ಅದನ್ನೇ.

ನೌಕರಿ ಮುಗಿದ ಮೇಲೆ, ತೊಂಬತ್ತರ ದಶಕದ ಶುರುವಿನಲ್ಲಿ, ದಶರಥ ವಾಡಿಯ ಸ್ಟೇಷನ್ ರಸ್ತೆಗೆ ತಗಡಿನ ಅಂಗಡಿ ಹಾಕಿದ. ಗೋಡೆಗೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಬಾಗಿಲ ಮೇಲೆ 'ದಶರಥ ಬ್ಯಾಟರಿ ಚಾರ್ಜಿಂಗ್' ಎಂಬ ಬೋರ್ಡು. ಅವನಿಗೆ ಗಂಡುಮಕ್ಕಳಿರಲಿಲ್ಲ. ಬ್ಯಾಟರಿಯ ಆಸಿಡ್ಡಾದ ತೇಜಾಬಿನ ಹೊಗೆ ಕುಡಿದು ಕುಡಿದು ಎದೆ ಹಿಡಿದುಕೊಂಡಿತ್ತು. ಮಗಳು ದ್ರೌಪದಿ ಗಂಡನೊಡನೆ ಅದೇ ಊರಲ್ಲಿದ್ದಳು. ಗಂಡ ದೇವಿಂದ್ರ ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗಿಬರುತ್ತಿದ್ದ. ಅಪ್ಪನಿಗೆ ಚಹಾ ಕೊಡಲು ಬರುತ್ತಿದ್ದ ದ್ರೌಪದಿ ಬರಬರುತ್ತ ಅಂಗಡಿಯಲ್ಲೇ ಉಳಿದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬ್ಯಾಟರಿಯ ಕಸುವು ತಿಳಿಯಲು ಗಾಜಿನ ಕೊಳವೆಯಲ್ಲಿ ತೇಜಾಬು ಎಳೆದು ಅದರಲ್ಲಿ ತೇಲುವ ಬುರುಡೆಯ ಅಂಕಿ ಓದಲು ಕಲಿತಳು, ಸೀಸ ಕರಗಿಸಲು ಕಲಿತಳು. ಅವಳ ಸೀರೆ ದೂರದಿಂದ ಚುಕ್ಕಿ ಸೀರೆಯಂತೆ ಕಾಣುತ್ತಿತ್ತು. ಹತ್ತಿರ ಬಂದರೆ ಚುಕ್ಕಿಯೆಲ್ಲ ತೇಜಾಬು ಸಿಡಿದ ತೂತು.

ಕರೆಂಟಿಲ್ಲದ ತೆಂಗಳಿ ಹಳ್ಳಿಯವರು ಟಿವಿಯ ಬ್ಯಾಟರಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಚಿಮ್ಮನಚೋಡದಿಂದ ಟ್ರ್ಯಾಕ್ಟರಿನವು ಬರುತ್ತಿದ್ದವು. ಲೌಡ್‌ಸ್ಪೀಕರಿನವರು, ಬ್ಯಾಂಡಿನವರು, ಎಲ್ಲರೂ ಬರುತ್ತಿದ್ದರು. ಹೊಸ ಬ್ಯಾಟರಿ ಕೂರಿಸಿದಾಗಲೆಲ್ಲ ತಂತಿ ಕಚ್ಚುವ ಅದರ ಸೀಸದ ತಲೆಯ ಮೇಲೆ ಅಂಕಿಯ ಅಚ್ಚು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹೊಡೆದು, ತಿಂಗಳು ವರ್ಷ ಮೂಡಿಸುವುದು ಅಂಗಡಿಯ ಪದ್ಧತಿ. ಇಷ್ಟು ವರ್ಷ ಬಾಳುತ್ತದೆ ಎಂದು ದ್ರೌಪದಿ ಬಾಯಿಬಿಟ್ಟು ಹೇಳಿದರೆ ಅಷ್ಟು ಬಾಳಲೇಬೇಕು. ಬಾಳದಿದ್ದರೆ ಮಾತಿಲ್ಲದೆ ಬೇರೆ ಕೊಡುತ್ತಿದ್ದಳು. ಅಂಥ ಸಂದರ್ಭ ಬರುತ್ತಿದ್ದುದೇ ಅಪರೂಪ. ಅಪ್ಪ ತೀರಿಕೊಂಡ ಮೇಲೂ ಬೋರ್ಡಿನ ಹೆಸರು ಬದಲಿಸಲಿಲ್ಲ, ಪಕ್ಕದಿಂದ ತಂತಿ ಜೋಡಿಸುವ ಅಪ್ಪನ ರೀತಿಯನ್ನೂ ಬಿಡಲಿಲ್ಲ. ಜೀಪು ಕಾರುಗಳ ಬ್ಯಾಟರಿ ಬದಲಿಸಿದ ಮೇಲೆ ಡ್ರೈವರುಗಳಿಗೆ ಒಳಗಿನ ಗಡಿಯಾರ ತೋರಿಸುತ್ತಿದ್ದಳು. ಅದು ನಿಂತಿರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಲ ಬೇರೆಯಾಯಿತು. ಹಳ್ಳಿಗಳಿಗೆ ಕರೆಂಟು ಬಂತು, ಮುಚ್ಚಳ ಬಿಚ್ಚಲು ಬಾರದ ಬ್ಯಾಟರಿಗಳು ಬಂದವು, ತೊಡೆಯ ಮೇಲೆ ಬ್ಯಾಟರಿ ಹೊತ್ತು ಬರುವವರು ನಿಂತರು. ಉಳಿದದ್ದು ಒಂದೇ ಗಟ್ಟಿ ಆಸರೆ: ಜಗದೇವಪ್ಪನ ಟಿಪ್ಪರುಗಳು. ಜಗದೇವಪ್ಪ ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣದ ಕಲ್ಲು ಸಾಗಿಸುವ ಗುತ್ತೇದಾರ. ದಶರಥನ ಕಾಲದಿಂದಲೂ ಅವನ ಗಾಡಿಗಳ ಬ್ಯಾಟರಿ ಇದೇ ಅಂಗಡಿಯದು. ಅವು ಬರುವತನಕ ಬಾಗಿಲು ತೆರೆದಿರುತ್ತದೆ, ನಿಂತ ದಿನ ಮುಚ್ಚುತ್ತದೆ ಎಂಬುದು ದ್ರೌಪದಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು.

ಆ ಜಗದೇವಪ್ಪ ಎರಡು ಸಾವಿರದ ಎಂಟರಲ್ಲಿ ಒಂದು ಜರ್ಮನಿ ಕಾರು ಕೊಂಡ. ಹೈದರಾಬಾದಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಸೇಡಮ್ಮಿನ ಶೌಕತ ಅಲಿ ಅಂಥ ಕಾರುಗಳನ್ನು ತಂದು ಮಾರುವವ, ಅವನೇ ಕೊಡಿಸಿದ. ಆ ಚಳಿಗಾಲ ಅದರ ಬ್ಯಾಟರಿ ಸೋತಿತು. ಡ್ರೈವರ್ ಮಜೀದಸಾಬ ಕಾರನ್ನು ದ್ರೌಪದಿಯ ಅಂಗಡಿಯ ಮುಂದೆ ತಂದು ನಿಲ್ಲಿಸಿ ಡಿಕ್ಕಿ ತೆರೆದ. ಬ್ಯಾಟರಿ ಇದ್ದದ್ದು ಅಲ್ಲಿ.

"ಯವ್ವಾ, ಶೌಕತ ಅಲಿ ಫೋನಿನ್ಯಾಗ ಒಂದ್ ಮಾತ ಹೇಳ್ಯಾನ. ಬ್ಯಾಟರಿ ಹಾಕಿದ ಮ್ಯಾಲ ಲ್ಯಾಪ್‌ಟಾಪ್ ಹಚ್ಚಿ ಗಾಡಿಗೆ ಹೇಳಬೇಕಂತ."

"ಏನಂತ ಹೇಳಬೇಕಂತ?"

"ಹೊಸಾ ಬ್ಯಾಟರಿ ಬಂದದಪಾ ಅಂತ."

"ಹೇಳ್ರಲ್ಲ ಕಾಕಾ, ದಿನಾ ನೀವೇ ನಡಸ್ತೀರಿ, ನಿಮ್ಮ ಮಾತ ಕೇಳ್ತದ. ಅದರ ಕಿವಿ ಎಲ್ಲಿ ಅದ ನೋಡ್ರಿ ಮೊದ್ಲ. ಡಿಕ್ಕಿ ಕಡೀಗೋ, ಬಾನೆಟ್ ಕಡೀಗೋ?"

ಮಜೀದಸಾಬ ಗಡ್ಡ ಕೆರೆದುಕೊಂಡು ನಕ್ಕ. "ನಮ್ಮ ಮನ್ಯಾಕಿನೇ ನನ್ನ ಮಾತ ಕೇಳಂಗಿಲ್ಲ, ಜರ್ಮನಿ ಗಾಡಿ ಕೇಳ್ತದೇನು!"

ಅಂಗಡಿಯಲ್ಲಿ ಅದೇ ಜಾತಿಯ ಬ್ಯಾಟರಿ ಇರಲಿಲ್ಲ. ಕಂಪನಿಯಿಂದ ಬಂದದ್ದು ನೀರು ಕೇಳದ ಒಣ ಬ್ಯಾಟರಿ. ದ್ರೌಪದಿ ಕೂರಿಸಿದ್ದು ನೀರಿನದು, ಅಳತೆಯಲ್ಲಿ ಒಂದಿಷ್ಟು ಚಿಕ್ಕದು. ಕೊಳಕು ಗಾಳಿ ಹೊರಗೆ ಹೋಗುವ ನಳಿಕೆಯನ್ನು ಮರೆಯದೆ ಸಿಕ್ಕಿಸಿದಳು. ಎಂದಿನಂತೆ ಪಕ್ಕದಿಂದ ತಂತಿ ಜೋಡಿಸಿ, ಕಾರಿನೊಳಗಿನ ಒಂದು ದೀಪವೂ ಕಣ್ಣು ಮಿಟುಕಿಸದಂತೆ ಬದಲಿಸಿ, ಸೀಸದ ತಲೆಯ ಮೇಲೆ ಅಚ್ಚು ಹೊಡೆದಳು.

"ಗಡಿಯಾರ ನೋಡ್ರಿ ಕಾಕಾ. ತಪ್ಪ್ಯಾದೇನು? ಗಾಡಿಗೆ ಗೊತ್ತೇ ಆಗಿಲ್ಲ."

ಆ ಮಾತು ಖರೆ ಆಗಿತ್ತು. ಎಡವಟ್ಟಾದದ್ದೂ ಅಲ್ಲಿಯೇ.

ಬೇಸಗೆ ಬರುವ ಮೊದಲೇ ಒಂದು ದಿನ ಜಗದೇವಪ್ಪ ಕಿರಿಯ ಮಗಳ ನಿಶ್ಚಯಕ್ಕೆಂದು ಬಂಧುಗಳನ್ನು ಕೂರಿಸಿಕೊಂಡು ಚಿಂಚೋಳಿಗೆ ಹೊರಟ. ದಾರಿಯಲ್ಲಿ ಮೊದಲು ಹಾಡು ನಿಂತಿತು. ಆಮೇಲೆ ಕಿಟಕಿಯ ಗಾಜು ಇಳಿಯದಾಯಿತು. ಚಹಾಕ್ಕೆಂದು ನಿಲ್ಲಿಸಿದ ಮೇಲೆ ಕಾರು ಏಳಲೇ ಇಲ್ಲ. ಕಡೆಗೆ ತನ್ನದೇ ಟಿಪ್ಪರೊಂದು ಆ ದಾರಿಯಲ್ಲಿ ಬರಲು ಅದನ್ನೇ ಹತ್ತಿ, ಜರಿ ರುಮಾಲಿನ ಜಗದೇವಪ್ಪ ಸುಣ್ಣದ ಧೂಳು ಬಳಿದುಕೊಂಡು ಬೀಗರ ಬಾಗಿಲಲ್ಲಿ ಇಳಿದ. ಬೀಗರು ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಅವರ ಮನೆಯ ಹೆಂಗಸರು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ಅವನು ನೋಡಿದ.

ಕಾರನ್ನು ಅಂಗಡಿಗೆ ಎಳೆದು ತಂದ ಮೇಲೆ ದ್ರೌಪದಿ ಬ್ಯಾಟರಿ ಬಿಚ್ಚಿ ನೋಡಿದಳು. ಪಕ್ಕೆ ಉಬ್ಬಿತ್ತು. ಒಳಗೆ ನೀರೆಲ್ಲ ಕುದಿದು ಹೋಗಿ ಸೀಸದ ಹಲಗೆಗಳು ಬರಗಾಲದ ಕೆರೆಯಂತೆ ಬಿರಿದಿದ್ದವು. ಬ್ಯಾಟರಿಯೇ ಖೊಟ್ಟಿ ಇದ್ದೀತೆಂದು ತಿಳಿದು ಬೇರೆಯದನ್ನು ಕೂರಿಸಿದಳು, ಅದೇ ರೀತಿಯಲ್ಲಿ, ಇನ್ನೂ ಎಚ್ಚರದಿಂದ. ಬೇಸಗೆಯ ನಡುವೆ ಒಂದು ಬೆಳಿಗ್ಗೆ ಮಜೀದಸಾಬ ಚಹಾ ಕುಡಿಯಲು ಬಂದು ಕಾರನ್ನು ಅಂಗಡಿಯ ಎದುರು ನಿಲ್ಲಿಸಿದ. ದ್ರೌಪದಿಯ ಮೂಗಿಗೆ ಕೊಳೆತ ತತ್ತಿಯ ವಾಸನೆ ಬಡಿಯಿತು. ಒಳಗೆ ಬ್ಯಾಟರಿ ಕುದಿಯುತ್ತಿದೆ ಎಂದು ತಿಳಿಯಲು ಡಿಕ್ಕಿ ತೆರೆಯುವುದು ಬೇಕಾಗಲಿಲ್ಲ. ಕಾರಿನವರಿಗೆ ತಿಳಿಯುವ ಮೊದಲು ಅವಳೇ ಜಗದೇವಪ್ಪನಿಗೆ ಹೇಳಿಕಳಿಸಿದಳು.

ಜಗದೇವಪ್ಪ ಬಂದು ಖಾಲಿ ಬ್ಯಾಟರಿ ಪೆಟ್ಟಿಗೆಯ ಮೇಲೆ ಕುಂತ.

"ಏನವ್ವಾ ದ್ರೌಪದಿ, ಎರಡನೇದೂ ಹೋತೇನು?"

"ಹೋಗ್ಲಿಕತ್ತದ್ರಿ ಸಾವಕಾರ್ರ."

"ತಪ್ಪು ಬ್ಯಾಟರಿದೋ, ನಿಂದೋ?"

"ಎರಡೆರಡು ಬ್ಯಾಟರಿ ತಪ್ಪು ಮಾಡಂಗಿಲ್ರಿ. ನಂದೇ ಇರಬೇಕು. ಏನಂತ ಇನ್ನಾ ತಿಳೀವಲ್ದು."

ಜಗದೇವಪ್ಪ ಬೋರ್ಡಿನ ಕಡೆ ನೋಡಿದ. "ನಮ್ಮ ಹಿರೀ ಅಳಿಯ ಶಹಾಬಾದದಾಗ ಬ್ಯಾಟರಿ ಅಂಗಡಿ ತೆರದಾನ. ಟಿಪ್ಪರ್ ಎಲ್ಲಾ ನನ್ನ ಕಡಿ ಕಳಸ್ರಿ ಅಂತ ಜೀವ ತಿನ್ಲಿಕತ್ತಾನ. ನಿಮ್ಮಪ್ಪನ ಮಾರಿ ನೆನಸಿ ಇಷ್ಟ್ ದಿನ ತಡದೀನಿ. ಮೂರನೇದು ಮಳಿಗಾಲ ಕಾಣಬೇಕು ನೋಡು. ಕಾಣ್ಲಿಲ್ಲಂದ್ರ ನಾ ನಿನಗ ಬೈಯಂಗಿಲ್ಲ, ಜಗಳಾನೂ ಮಾಡಂಗಿಲ್ಲ. ಟಿಪ್ಪರ್ ಬರಂಗಿಲ್ಲ, ಅಷ್ಟೇ."

ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿತು. ಶೌಕತ ಅಲಿ ಫೋನಿನಲ್ಲಿ ಹೇಳಿದ್ದ ಮಾತು ನೆನಪಾಗಿ, ಮರುದಿನ ಅಂಗಡಿಗೆ ಬೀಗ ಹಾಕಿ ಸೇಡಮ್ಮಿನ ಪ್ಯಾಸೆಂಜರ್ ಹತ್ತಿದಳು. ಡಬ್ಬಿ ಹತ್ತಿದೊಡನೆ ತಲೆ ಎತ್ತಿ ಬಲ್ಬು ನೋಡುವುದು ಅವಳ ಹಳೆಯ ಚಟ. ಚಿತ್ತಾಪುರ ದಾಟುವತನಕ ಅದನ್ನೇ ನೋಡುತ್ತ ಕುಂತಿದ್ದಳು. ಅಪ್ಪ ಹೇಳಿದ್ದರಲ್ಲಿ ತಾನು ಎಲ್ಲಿ ತಪ್ಪಿದೆ ಎಂದು ಹುಡುಕಿದಳು. ಎಲ್ಲೂ ತಪ್ಪಿರಲಿಲ್ಲ.

ಶೌಕತ ಅಲಿಯ ಅಂಗಳದಲ್ಲಿ ಧೂಳು ಮುಕ್ಕಿದ ದೊಡ್ಡ ದೊಡ್ಡ ಕಾರುಗಳು ನಿಂತಿದ್ದವು. ಅವನು ಕುರ್ಚಿ ಎಳೆದು ಹಾಕಿದ.

"ಬರ್ರಿ ಅಕ್ಕ, ಕುಂದ್ರಿ. ಜರ್ಮನಿ ಗಾಡಿಗಿ ಕಿವಿ ಹುಡುಕಿದವ್ರು ನೀವೇ ಏನ್ರಿ?"

ಮಜೀದಸಾಬ ಊರೆಲ್ಲ ಹೇಳಿದ್ದಾನೆಂದು ದ್ರೌಪದಿಗೆ ತಿಳಿಯಿತು. "ಹೌದು, ನಾನೇ. ಈಗ ತೋರಸ್ರಿ, ಎಲ್ಲಿ ಅದ ಅದು."

ಶೌಕತ ಅಲಿ ಒಂದು ಕಾರಿನ ಬಾಗಿಲು ತೆರೆದು ಸ್ಟೇರಿಂಗಿನ ಕೆಳಗೆ ಕೈ ಹಾಕಿ ಸಣ್ಣ ಮುಚ್ಚಳ ತೆಗೆದ. ಒಳಗೆ ತೂತುಗಳ ಸಾಲಿನ ಒಂದು ಸಾಕೆಟ್ಟು. ಲ್ಯಾಪ್‌ಟಾಪಿನಿಂದ ಬಂದ ವೈರನ್ನು ಅದಕ್ಕೆ ಸಿಕ್ಕಿಸಿದ. "ಇದೇ ಕಿವಿ. ಈಗ ಕೇಳ್ರಿ. ಈ ಗಾಡಿ ತನ್ನ ಬ್ಯಾಟರಿಗಿ ಎಷ್ಟು ವಯಸ್ಸಾತು ಅಂತ ತಲ್ಯಾಗ ಇಟ್ಕೊಂಡಿರ್ತದ. ಬ್ಯಾಟರಿ ಮುದಿ ಆದಂಗ ಆದಂಗ ಖುರಾಕ್, ಅಂದ್ರ ಚಾರ್ಜು, ಜಾಸ್ತಿ ಹಾಕ್ತದ. ನೀವೇನ್ ಮಾಡೀರಿ? ಮುದುಕನ್ನ ಎಬ್ಬಿಸಿ ಅದೇ ಹಾಸಿಗ್ಯಾಗ ಕೂಸ್ ಮಲಗಿಸೀರಿ. ಗಾಡಿಗಿ ಯಾರೂ ಹೇಳಿಲ್ಲ. ಅದು ಮುದುಕನ ಖುರಾಕ್ ಕೂಸಿನ ಬಾಯಾಗ ತುರಕಿ ತುರಕಿ ಕೊಂದದ."

ದ್ರೌಪದಿ ಬಗ್ಗಿ ಆ ಸಾಕೆಟ್ಟಿನ ತೂತುಗಳನ್ನು ನೋಡಿದಳು. ಆಮೇಲೆ ಕೇಳಿದಳು: "ನಾ ಪಕ್ಕದಿಂದ ವೈರ್ ಹಚ್ಚದೇ, ಸುಮ್ಮ ಬಿಚ್ಚಿ ಹಾಕಿದ್ರ ಗೊತ್ತಾಗ್ತಿತ್ತೇನು?"

"ಇಲ್ಲಕ್ಕ. ಗಡಿಯಾರ ನಿಲ್ತಿತ್ತು, ಅಷ್ಟೇ. ಹೇಳಿದ್ರೇ ಗೊತ್ತಾಗೋದು."

ಅಪ್ಪನ ರೀತಿಯಿಂದ ಕಾರು ಕೆಟ್ಟಿರಲಿಲ್ಲ, ಆದರೆ ಆ ರೀತಿ ಇಲ್ಲಿ ಸಾಲದು. ಇದು ಅವಳಿಗೆ ಅರ್ಧ ಸಮಾಧಾನ, ಅರ್ಧ ಸಂಕಟ. ಮುಂದೆ ಕೇಳಿದಳು: ಹೇಳುವುದು ಹೇಗೆ?

"ಎಲ್ಲಾಕಿಂತ ಪೈಲಾ ಜಾತಿ ಕೇಳ್ತದ," ಎಂದ ಶೌಕತ ಅಲಿ ಪರದೆ ತೋರಿಸುತ್ತ.

ದ್ರೌಪದಿ ತಟ್ಟನೆ ತಲೆ ಎತ್ತಿದಳು. "ಇದಕ್ಕೂ ಜಾತಿ ಬೇಕಾತೇನು?"

"ಬ್ಯಾಟರಿದು ಅಕ್ಕ, ಬ್ಯಾಟರಿದು! ನೀರಿಂದೋ, ಒಣದೋ ಅಂತ. ನಮ್ದು ನಿಮ್ದು ಕೇಳಂಗಿಲ್ಲ."

"ಅಷ್ಟರ ಮಟ್ಟಿಗಿ ಛಲೋ ಗಾಡಿ ಬಿಡ್ರಿ."

ಜಾತಿ ಮತ್ತು ಅಳತೆ ಬೇರೆಯಾಗಿದ್ದರೆ ಮೊದಲು ಅದನ್ನು ಕಾರಿನ ತಲೆಯಲ್ಲಿ ತಿದ್ದಬೇಕು. ಅದಾದ ಮೇಲೆ ಇಂದಿನಿಂದ ಹೊಸ ಬ್ಯಾಟರಿ ಎಂದು ದಾಖಲು ಮಾಡಬೇಕು. ತಿದ್ದುವಾಗ ನಡುವೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಕಣ್ಣು ಮುಚ್ಚಿದರೆ ಕಾರಿನ ತಲೆ ಕೆಟ್ಟು ಹೋಗಬಹುದು. ಆಮೇಲೆ ಅದನ್ನು ಹೊತ್ತುಕೊಂಡೇ ಹೈದರಾಬಾದಿಗೆ ಹೋಗಬೇಕು. ಇಷ್ಟನ್ನು ಶೌಕತ ಅಲಿ ಬಿಡಿಸಿ ಹೇಳಿದ. ದ್ರೌಪದಿ ಒಂದು ಸಲದಲ್ಲಿ ಕಲಿಯಲಿಲ್ಲ. ಆ ತಿಂಗಳು ಮತ್ತೆ ಮತ್ತೆ ಸೇಡಮ್ಮಿಗೆ ಹೋದಳು. ಅವನ ಅಂಗಳದಲ್ಲಿ ಸತ್ತಂತೆ ಬಿದ್ದಿದ್ದ ಬ್ಯಾಟರಿಗಳಲ್ಲಿ ಜೀವ ಇದ್ದವನ್ನು ಎಬ್ಬಿಸಿ ಕೊಟ್ಟಳು. ಅದಕ್ಕೆ ಬದಲಾಗಿ ಅವನು ತನ್ನ ಹಳೆಯ ಲ್ಯಾಪ್‌ಟಾಪು ವೈರು ಎಲ್ಲ ಕೊಟ್ಟ. ಆ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಸತ್ತಿತ್ತು, ಗೋಡೆಯ ಕರೆಂಟಿನ ಮೇಲೆ ಮಾತ್ರ ನಡೆಯುತ್ತಿತ್ತು. ಅದನ್ನು ಎಬ್ಬಿಸುವುದು ಮಾತ್ರ ಅವಳಿಂದಲೂ ಆಗಲಿಲ್ಲ.

ಮನೆಯಲ್ಲಿ ಪರದೆಯ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಬಿಡಿಸಿ ಓದುತ್ತ ಕುಂತರೆ ದೇವಿಂದ್ರ ಕೆಣಕುತ್ತಿದ್ದ. "ಏನಬೇ, ಈ ವಯಸ್ನಾಗ ಸಾಲಿಗಿ ಹೆಸರು ಹಚ್ಚಿದಿ?"

"ನೀ ದಿನಾ ಕಲ್ಲಿಗಿ ಪಾಲಿಶ್ ಮಾಡ್ತಿ, ನಾ ತಲಿಗಿ ಮಾಡ್ಲಿಕತ್ತೀನಿ. ರೊಟ್ಟಿ ಬುಟ್ಟ್ಯಾಗ ಅವ, ತಿಂದು ಸುಮ್ಮ ಮಲ್ಕೋ."

ಮೂರನೆಯ ಬ್ಯಾಟರಿ ಕೂರಿಸುವ ದಿನ ಜಗದೇವಪ್ಪ ತಾನೇ ಬಂದ. ಕಾರ್ಖಾನೆಗಳ ಊರಾದರೂ ಆ ಬೀದಿಯ ಕರೆಂಟನ್ನು ನಂಬುವಂತಿರಲಿಲ್ಲ. ಶೌಕತ ಅಲಿ ಸೇಡಮ್ಮಿನಿಂದ ಫೋನು ಮಾಡಿ, ತಾನೇ ಬಂದು ಮಾಡಿಕೊಟ್ಟು ಹೋಗಲೇ ಎಂದು ಕೇಳಿದ. ದ್ರೌಪದಿ, ಫೋನು ಇಡ್ರಿ ಭಾಯಿ, ಕೈ ಖಾಲಿ ಇಲ್ಲ, ಎಂದಳು. ಅಂಗಡಿಯ ಗೋಡೆಗುಂಟ ಇದ್ದ ಬ್ಯಾಟರಿಗಳ ಸಾಲಿಗೆ ಒಂದು ಇನ್ವರ್ಟರ್ ಜೋಡಿಸಿ ಲ್ಯಾಪ್‌ಟಾಪನ್ನು ಅದರ ಮೇಲೆ ಹಾಕಿದ್ದಳು. ಕಾರಿನ ಹೊಸ ಬ್ಯಾಟರಿಗೂ ಪಕ್ಕದಿಂದ ದಪ್ಪ ತಂತಿಯಲ್ಲಿ ಒಂದು ದೊಡ್ಡ ಬ್ಯಾಟರಿಯನ್ನು ಆಸರೆ ಕೊಟ್ಟಿದ್ದಳು. ಅದು ದಶರಥ ರೈಲಿನ ಕೆಳಗೆ ಹಿಡಿಯುತ್ತಿದ್ದ ತಂತಿಯೇ.

ವೈರು ಸಿಕ್ಕಿಸಿದಳು. ಪರದೆ ಜಾತಿ ಕೇಳಿತು. ನೀರಿನದು ಎಂದು ಒತ್ತಿದಳು. ಅಳತೆ ಕೇಳಿತು, ಬ್ಯಾಟರಿಯ ಮೈಮೇಲಿನ ಅಂಕಿಯನ್ನೂ ಪರದೆಯ ಅಂಕಿಯನ್ನೂ ಬೆರಳಿಟ್ಟು ನೋಡಿ ಒತ್ತಿದಳು. ಹಸಿರು ಪಟ್ಟಿ ನಿಧಾನವಾಗಿ ತುಂಬತೊಡಗಿತು. ಅರ್ಧ ತುಂಬಿರಬೇಕು, ತಲೆಯ ಮೇಲಿನ ಫ್ಯಾನು ಸುಯ್ಯೆಂದು ನಿಂತಿತು. ಪಕ್ಕದ ಹಿಟ್ಟಿನ ಗಿರಣಿ ಸದ್ದಡಗಿತು.

"ಯಾ ಅಲ್ಲಾ, ಕರೆಂಟ್ ಹೋತು!" ಎಂದ ಮಜೀದಸಾಬ.

ಜಗದೇವಪ್ಪ ಪೆಟ್ಟಿಗೆಯಿಂದ ಎದ್ದು ನಿಂತ. ದ್ರೌಪದಿ ಪರದೆಯಿಂದ ಕಣ್ಣು ಕೀಳಲಿಲ್ಲ. ಪಟ್ಟಿ ಮೊದಲಿನಂತೆಯೇ ತುಂಬುತ್ತಿತ್ತು. ಪರದೆಗೆ ಕರೆಂಟು ಹೋದದ್ದು ಗೊತ್ತಾಗಿರಲಿಲ್ಲ. ಕಾರಿಗೂ ಗೊತ್ತಾಗಿರಲಿಲ್ಲ. ತುಂಬಿ ಮುಗಿದ ಮೇಲೆ ಕಡೆಯ ಗುಂಡಿ ಒತ್ತಿದಳು. ಹೊಸ ಬ್ಯಾಟರಿ ದಾಖಲಾಯಿತು ಎಂದು ಬಂತು. ಅಕ್ಷರ ಕೂಡಿಸಿಕೊಂಡು ಅದನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ಅಂಕಿಯ ಅಚ್ಚು ತಂದು, ಸೀಸದ ತಲೆಯ ಮೇಲೆ ತಿಂಗಳು ವರ್ಷ ಹೊಡೆದಳು. ಈ ಸಲ ಅದೇ ತಾರೀಖು ಕಾರಿನ ತಲೆಯಲ್ಲೂ ಇತ್ತು.

"ಆಯ್ತೇನು?" ಎಂದ ಜಗದೇವಪ್ಪ.

"ಹೇಳೀನ್ರಿ. ಅದು ಕೇಳ್ಯಾದೋ ಇಲ್ಲೋ ಮಳಿಗಾಲಕ್ಕ ನೋಡ್ರಿ."

ಉಳಿದ ಬೇಸಗೆಯೆಲ್ಲ ಅವಳು ಆ ಕಾರು ಕಂಡಲ್ಲೆಲ್ಲ ಹತ್ತಿರ ಹೋಗಿ ಉಸಿರೆಳೆದು ನೋಡುತ್ತಿದ್ದಳು. ಬಜಾರಿನಲ್ಲಿ ಜನ ನಕ್ಕರು. ಶಹಾಬಾದಿನ ಅಳಿಯ ಎರಡು ಸಲ ಬಂದು ಟಿಪ್ಪರುಗಳನ್ನು ಎಣಿಸಿ ಹೋದನೆಂದು ಮಜೀದಸಾಬ ಸುದ್ದಿ ತಂದ. ಮಳೆ ಹಿಡಿದು ಕಾಗಿಣಾ ಹೊಳೆಗೆ ಕೆಂಪು ನೀರು ಬಂದ ವಾರ ಜಗದೇವಪ್ಪ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ದ್ರೌಪದಿ ಡಿಕ್ಕಿ ತೆರೆದು ಒಂದೊಂದೇ ಮುಚ್ಚಳ ಬಿಚ್ಚಿ, ಗಾಜಿನ ಕೊಳವೆಯಲ್ಲಿ ಎಳೆದು ಅವನಿಗೆ ತೋರಿಸಿದಳು. ಬ್ಯಾಟರಿಯ ಒಳಗಿನ ಎಲ್ಲ ಮನೆಯಲ್ಲೂ ಬುರುಡೆ ಒಂದೇ ಎತ್ತರಕ್ಕೆ ತೇಲುತ್ತಿತ್ತು. ಪಕ್ಕೆ ನೆಟ್ಟಗಿತ್ತು. ವಾಸನೆ ಇರಲಿಲ್ಲ.

ಜಗದೇವಪ್ಪ ಬೋರ್ಡಿನ ಕಡೆ ಇನ್ನೊಮ್ಮೆ ನೋಡಿದ. "ಟಿಪ್ಪರ್ ಇಲ್ಲೇ ಬರ್ತಾವ ಬಿಡು. ಅಳಿಯಗ ನಾ ಹೇಳ್ಕೋತೀನಿ." ಪೆಟ್ಟಿಗೆಯ ಮೇಲೆ ಕೂರುತ್ತ ಅಂದ: "ಆದ್ರ ಒಂದ್ ಮಾತ. ಸೇಡಂದಾಗೂ ಚಿಂಚೋಳಿದಾಗೂ ಇಂಥಾ ಗಾಡಿ ಹೆಚ್ಚಾಗ್ಲಿಕತ್ತಾವ. ಅಳಿಯನ ಅಂಗಡ್ಯಾಗ ಕಂಪ್ಯೂಟರ್ ಓದಿದವ ಒಬ್ಬ ಇದ್ದಾನ. ಗಾಡಿ ಬಂದಾಗ ಅವ ಬಂದು ಗುಂಡಿ ಒತ್ತಿ ಹೋಗ್ಲಿ. ನೀ ಬ್ಯಾಟರಿ ಕುಂದ್ರಸು, ಸಾಕು. ಅವನ ಪಗಾರ ನಾ ನೋಡ್ಕೋತೀನಿ. ನಿನಗ್ಯಾಕ ಈ ಇಂಗ್ಲಿಷಿನ ಗೋಳು?"

ದ್ರೌಪದಿ ಕೊಳವೆಯಲ್ಲಿದ್ದ ತೇಜಾಬನ್ನು ಮರಳಿ ಅದರ ಮನೆಗೇ ಬಿಟ್ಟು, ಮುಚ್ಚಳ ತಿರುಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಬ್ಯಾಡ್ರಿ ಸಾವಕಾರ್ರ. ಇಷ್ಟ್ ವರ್ಷ ಗಾಡಿಗಿ ಗೊತ್ತಾಗದಂಗ ಮಾಡಿದಾಕಿ ನಾನೇ, ಈಗ ಗೊತ್ತಾಗೂಹಂಗ ಹೇಳಾಕಿನೂ ನಾನೇ. ನಡುವ ಇನ್ನೊಬ್ರ ಬಾಯಿ ಬ್ಯಾಡ."